ಲಾಮರ್ಟನ ಬೇಲಿ ಮತ್ತು ಚಿನ್ನದ ಕುದುರೆ

ಕಾಡಿಗೆ ಹೋಗಿ ನಾಲ್ಕು ಹೊರೆ ಸ್ಪ್ರೂಸ್ ಮರದ ಕೊಂಬೆ ತರಲು ಲಾಮರ್ಟನಿಗೆ ಸೋಮಾರಿತನವಾಯಿತು. ಇಡೀ ರಾಮಾಯಣಕ್ಕೆ ಕಾರಣ ಇಷ್ಟೇ.

ಆ ಬೀದಿಯ ಕಟ್ಟಳೆ ಹೀಗಿತ್ತು. ಯಾರ ಮನೆಯಲ್ಲಿ ಮದುವೆಯಾಗಲಿ, ಯಾರಿಗೆ ಪದಕ ಬರಲಿ, ಆ ಮನೆಯ ಮುಂದೆ ನೆರೆಯವರೆಲ್ಲ ಸೇರಿ ಹಸಿರು ಕಮಾನು ಕಟ್ಟಿ, ಅದರ ತುಂಬ ಕಾಗದದ ಗುಲಾಬಿ ಸಿಕ್ಕಿಸಬೇಕು. ಹಸಿರು ತರುವ ಗೌರವ ಪಕ್ಕದ ಮನೆಯವನದು. ಅವನನ್ನು 'ಮೊದಲ ನೆರೆ' ಎಂದು ಕರೆಯುತ್ತಾರೆ. ಗೌರವ ಅನ್ನಿ, ಗ್ರಹಚಾರ ಅನ್ನಿ, ಅದು ಈ ಸಲ ಲಾಮರ್ಟನ ತಲೆಗೆ ಬಂದಿತ್ತು.

ಪಕ್ಕದ ಮನೆಯ ಯೊರೀನ್ ಅಂಗವಿಕಲರ ಕುದುರೆ ಸವಾರಿಯ ಜಾಗತಿಕ ಪಂದ್ಯದಲ್ಲಿ ಚಿನ್ನ ಗೆದ್ದಿದ್ದಳು. ಹುಟ್ಟಿನಿಂದಲೂ ಅವಳ ಕಾಲುಗಳು ಅವಳ ಮಾತು ಕೇಳಿದವಲ್ಲ. ಆದರೆ ತನ್ನ ಕುದುರೆ ವಾಫೆಲ್ ಏರಿದಳೆಂದರೆ ಆ ದೈತ್ಯ ಪ್ರಾಣಿ ಅವಳ ಬೆರಳಿನ ಸನ್ನೆಗೆ ಹೆಜ್ಜೆ ಹಾಕುತ್ತಿತ್ತು. ಗೆದ್ದ ಸಂಜೆಯೇ ಲಾಮರ್ಟನಿಗೆ ಫೋನ್ ಮಾಡಿದ್ದಳು.

"ಕಮಾನು ಎತ್ತರಕ್ಕೆ ಕಟ್ಟಿ ಮಾಮ. ನಾನು ವಾಫೆಲ್ ಮೇಲೇ ಕೂತು ಬರ್ತೀನಿ. ಗಾಲಿಕುರ್ಚೀಲಿ ಬಂದ್ರೆ ನಿಮ್ಮೆಲ್ಲರ ಹೊಟ್ಟೆ ಬಿಟ್ಟು ಬೇರೇನೂ ಕಾಣಲ್ಲ. ಒಂದಿನವಾದ್ರೂ ನಿಮ್ಮ ಬೊಕ್ಕತಲೆಗಳನ್ನ ಮೇಲಿಂದ ನೋಡ್ಬೇಕು."

ಲಾಮರ್ಟನ ಮನೆಯ ಸುತ್ತ ಸ್ಪ್ರೂಸಿನ ಹಾಗೇ ಸೂಜಿಯೆಲೆಯ ಟ್ಯಾಕ್ಸಸ್ ಗಿಡದ ಆಳೆತ್ತರದ ಬೇಲಿಯಿತ್ತು. ಮೂವತ್ತು ವರ್ಷ ರಸಮಟ್ಟ ಹಿಡಿದು ಕತ್ತರಿಸಿ ಬೆಳೆಸಿದ ಬೇಲಿ. ಅದರ ಮರೆಯಲ್ಲಿ ಚಡ್ಡಿ ಹಾಕಿಕೊಂಡು ಬಿಸಿಲಿಗೆ ಕುಳಿತರೆ ನರಪಿಳ್ಳೆಗೂ ಕಾಣುತ್ತಿರಲಿಲ್ಲ. ಕಾಡಿನವರೆಗೆ ಯಾರು ಹೋಗುತ್ತಾರೆ ಎಂದುಕೊಂಡ ಅವನು, ಬೀದಿಗೆ ಕಾಣದಂತೆ, ಯೊರೀನಳ ಹುಲ್ಲುಗಾವಲಿನ ಕಡೆಯಿಂದ ಅದೇ ಬೇಲಿಯನ್ನು ಕಡಿದು ತಂದ. ಕಮಾನು ಕಟ್ಟಿದ ಸಂಜೆ ನೆರೆಯವರೆಲ್ಲ ಹಾಡು, ಬಿಯರುಗಳಲ್ಲಿ ಮುಳುಗಿದ್ದರು. ಎಲೆ ಯಾವುದೆಂದು ಯಾರೂ ನೋಡಲಿಲ್ಲ.

ಮರುದಿನ ಬೆಳಗ್ಗೆ ಎದುರುಮನೆಯ ಹರ್ಮಿನ್ ಕಾಫಿ ಹಿಡಿದು ಬಂದಳು. ಬೀದಿಯ ಸುದ್ದಿಯೆಲ್ಲ ಮೊದಲು ಅವಳ ಅಡುಗೆಮನೆಯ ಕಿಟಕಿಗೆ ಹೋಗಿ ಆಮೇಲೆ ಉಳಿದ ಕಡೆ ಹಂಚಿಕೆಯಾಗುತ್ತಿತ್ತು.

"ಕಮಾನು ಭರ್ಜರಿಯಾಗಿದೆ ಕಣಯ್ಯ! ಆದ್ರೆ ಆ ವಾಫೆಲ್ ಮಹಾ ತಿಂಡಿಪೋತ ಅಂತೆ. ಪದಕ ಕೊಡೋಕೆ ಬಂದೋರ ಹೂಗುಚ್ಛನೇ ತಿಂದು ಹಾಕ್ತಂತೆ."

"ತಿನ್ನಲಿ ಬಿಡು, ಪಾಪ, ಮೂಕಪ್ರಾಣಿ."

"ಹಾಗಂದ್ರೆ ಹೇಗೆ? ನಮ್ಮ ಭಾವನ ಕುದುರೆ ಹೀಗೇ ಎರಡು ಬಾಯಿ ಟ್ಯಾಕ್ಸಸ್ ತಿಂದು ನಿಂತಲ್ಲೇ ಉರುಳಿಬಿಡ್ತು. ಕುದುರೆಗೆ ಅದು ಶುದ್ಧ ವಿಷ. ಅದೇ, ನಿನ್ನ ಬೇಲೀಲಿದ್ಯಲ್ಲ ಅದು. ಸದ್ಯ, ಇದು ಸ್ಪ್ರೂಸು."

ಲಾಮರ್ಟ್ ತಲೆಯೆತ್ತಿ ಕಮಾನು ನೋಡಿದ. ಐದು ವರ್ಷದ ಯೊರೀನಳನ್ನು ಮೊದಲ ಸಲ ಗಿಡ್ಡ ಕುದುರೆಯ ಮೇಲೆ ಎತ್ತಿ ಕೂರಿಸಿದವನು ಅವನೇ. ಈಗ ಅವಳ ಚಿನ್ನದ ಕುದುರೆಗೆ ಅವಳ ಮನೆಬಾಗಿಲಲ್ಲೇ ವಿಷದ ತೋರಣ ಕಟ್ಟಿದ್ದ! ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಎದುರಿಗೆ ಹರ್ಮಿನ್ ನಿಂತಿದ್ದಳು. ಹೇಳಿದರೆ ಮೊಮ್ಮಕ್ಕಳ ಮದುವೆಯಲ್ಲೂ ಇದೇ ಕತೆ ನಡೆಯುತ್ತದೆ. ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದವರ ಕಡೆ ತಿರುಗಿ ಅವನು ಕೂಗಿದ:

"ಕಣಜ! ಕಮಾನಿನೊಳಗೆ ಕಣಜದ ಗೂಡು! ಎಲ್ಲರೂ ಮನೆಯೊಳಗೆ ಹೋಗಿ!"

ಅಂಗಳ ಕ್ಷಣದಲ್ಲಿ ಖಾಲಿಯಾಯಿತು. ಲಾಮರ್ಟ್ ಏಣಿ ಹತ್ತಿ ಕೊಂಬೆಗಳನ್ನು ಸಿಕ್ಕಾಪಟ್ಟೆ ಕಿತ್ತು ಹಾಕತೊಡಗಿದ. ಅರ್ಧ ಕಿತ್ತಿರಲಿಲ್ಲ, ಮೂಲೆಮನೆಯ ಟೊನ್ನಿ ಹೆಲ್ಮೆಟ್ ಹಾಕಿಕೊಂಡು, ನೀರಿನ ಪೈಪು ಹಿಡಿದು ಪ್ರತ್ಯಕ್ಷನಾದ. ಅವನು ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕ. ಬೆಂಕಿ ಬೀಳದ ಊರಾದ್ದರಿಂದ ವರ್ಷಗಟ್ಟಲೆ ಕೈ ತುರಿಸಿಕೊಳ್ಳುತ್ತ ಕೂತಿದ್ದ.

"ಹೆದರ್ಬೇಡ ಲಾಮರ್ಟ್, ನಾನ್ ಬಂದೆ!"

"ಬೇಡ ಟೊನ್ನಿ! ಬೇಡ ಮಾರಾಯ..."

ಪೈಪಿನ ನೀರು ಎದೆಗೆ ಬಡಿಯಿತು. ಕಮಾನಿನ ತುಂಬ ಇದ್ದ, ಆ ದೇಶದವರ ಹೆಮ್ಮೆಯ ಕಿತ್ತಳೆ ಬಣ್ಣದ ಕಾಗದದ ಗುಲಾಬಿಗಳು ಒದ್ದೆಯಾಗಿ ಬಣ್ಣ ಬಿಟ್ಟವು. ಏಣಿಯಿಂದ ಇಳಿಯುವಷ್ಟರಲ್ಲಿ ಲಾಮರ್ಟ್ ನೆತ್ತಿಯಿಂದ ಬೂಟಿನವರೆಗೆ ಆಗತಾನೇ ತೊಳೆದ ಕ್ಯಾರೆಟ್ಟಿನಂತಿದ್ದ.

"ಕಣಜ ಹೋದ್ವು ನೋಡು, ಒಂದೂ ಇಲ್ಲ!" ಎಂದು ಟೊನ್ನಿ ಹೆಮ್ಮೆಯಿಂದ ಹೆಲ್ಮೆಟ್ ತೆಗೆದ.

ಟ್ಯಾಕ್ಸಸನ್ನೆಲ್ಲ ಕಸದ ಡಬ್ಬಿಗೆ ತುರುಕಿದ್ದಾಯಿತು. ಉಳಿದದ್ದು ಬೋಳು ತಂತಿ. ಯೊರೀನಳನ್ನು ಕರೆತರುವ ಮೆರವಣಿಗೆಯ ಬ್ಯಾಂಡು ದೂರದಲ್ಲಿ ಆಗಲೇ ಕೇಳಿಸುತ್ತಿತ್ತು. ಲಾಮರ್ಟ್ ಹಿತ್ತಿಲಿಗೆ ಓಡಿದ. ಅಲ್ಲಿ ಹೆಂಡತಿ ರೀಕ್ ಚಳಿಗಾಲಕ್ಕೆಂದು ಬೆಳೆಸಿದ್ದ ಗುಂಗುರೆಲೆಯ ಕೋಸು ಸೊಂಪಾಗಿ ನಿಂತಿತ್ತು. ಎರಡೂ ಕೈಯಲ್ಲಿ ಕಿತ್ತ.

"ನಿನಗೇನು ತಲೆ ಕೆಟ್ಟಿದ್ಯಾ?" ರೀಕ್ ಕಿಟಕಿಯಿಂದ ಕಿರುಚಿದಳು. "ಇಡೀ ಚಳಿಗಾಲ ಏನು ತಿಂತೀಯ? ಕಮಾನು ಬೇಯಿಸಿ ಹಾಕ್ಲಾ?"

ಕೊನೆಯ ಕೋಸಿನ ಎಲೆ ತಂತಿಗೆ ಸಿಕ್ಕಿಸುವುದಕ್ಕೂ ಬ್ಯಾಂಡು ಬೀದಿಗೆ ತಿರುಗುವುದಕ್ಕೂ ಸರಿಹೋಯಿತು. ಮನೆಯೊಳಗಿದ್ದವರೆಲ್ಲ ಹೊರಬಂದರು. ಅವರಿಗೆ ಕಮಾನಿಗಿಂತ ಮೊದಲು ಕಂಡದ್ದು ಲಾಮರ್ಟ್.

"ಅಯ್ಯೋ, ನೋಡ್ರೇ, ಮೈಗೆಲ್ಲ ದೇಶದ ಬಣ್ಣ ಬಳ್ಕೊಂಡಿದ್ದಾನೆ! ಅಭಿಮಾನ ಅಂದ್ರೆ ಇದಪ್ಪ!" ಎಂದು ಹರ್ಮಿನ್ ಚಪ್ಪಾಳೆ ತಟ್ಟಿದಳು.

ವಾಫೆಲ್ ಗಂಭೀರವಾಗಿ ಹೆಜ್ಜೆಯಿಡುತ್ತ ಬಂದು ಕಮಾನಿನ ಕೆಳಗೆ ನಿಂತಿತು. ಯೊರೀನಳ ಕೊರಳಲ್ಲಿ ಪದಕವಿತ್ತು. ಸ್ವಾಗತಕ್ಕೆ ಬಂದಿದ್ದ ಊರಿನ ಮೇಯರ್ ತಮ್ಮ ಕೊರಳಿನ ಅಧಿಕಾರದ ಸರಪಳಿ ಸರಿಮಾಡಿಕೊಂಡು, ಪಕ್ಕದಲ್ಲಿದ್ದ ಅವಳ ತರಬೇತುದಾರನನ್ನು ಕೇಳಿದರು: "ಅವಳಿಗೆ ಕುಡಿಯೋಕೆ ಏನಾದ್ರೂ ಬೇಕಾ?"

"ಕೆಲಸ ಮಾಡದೇ ಇರೋದು ನನ್ನ ಕಾಲು ಮೇಯರ್ರೇ, ಕಿವಿ ಚೆನ್ನಾಗಿದೆ," ಮೇಲಿಂದ ಉತ್ತರ ಬಂತು. "ಒಂದು ಬಿಯರ್ ಕೊಡ್ಸಿ."

ಮೇಯರ್ ಕೆಂಪಗಾಗಿ ಭಾಷಣ ಶುರುಮಾಡಿದರು. ವಾಫೆಲ್ ಕಮಾನು ತಿನ್ನಲು ಶುರುಮಾಡಿತು. ತಂತಿಯಲ್ಲಿ ಒಂದು ಟ್ಯಾಕ್ಸಸ್ ಕಡ್ಡಿಯಾದರೂ ಉಳಿದುಬಿಟ್ಟಿದ್ದರೆ? ಲಾಮರ್ಟ್ ಉಸಿರು ಬಿಗಿಹಿಡಿದು ಕುದುರೆಯ ಬಾಯನ್ನೇ ನೋಡುತ್ತಿದ್ದ. ಒಂದು ಎಲೆ, ಇನ್ನೊಂದು ಎಲೆ... ಕುದುರೆ ಬೀಳಲಿಲ್ಲ. ಭಾಷಣ ಮುಗಿಯುವ ಹೊತ್ತಿಗೆ ಕಮಾನು ಮುಕ್ಕಾಲು ಖಾಲಿಯಾಗಿತ್ತು, ಕುದುರೆ ತೇಗುವುದೊಂದು ಬಾಕಿ. ಲಾಮರ್ಟನ ಕಣ್ಣಲ್ಲಿ ಆನಂದಬಾಷ್ಪ ಸುರಿಯಿತು. ಜನ ಅದನ್ನೂ ದೇಶಾಭಿಮಾನದ ಖಾತೆಗೇ ಸೇರಿಸಿದರು.

ಆಮೇಲೆ ಯೊರೀನ್ ಮಾತಾಡಿದಳು.

"ವಾಫೆಲ್‌ಗೆ ವಯಸ್ಸಾಯ್ತು. ಇದೇ ಅವನ ಕೊನೇ ಪಂದ್ಯ. ಇನ್ಮೇಲೆ ನಮ್ಮ ಹಿಂದಿನ ಹುಲ್ಲುಗಾವಲಲ್ಲೇ ಹಾಯಾಗಿರ್ಲಿ ಅಂತ ನನ್ನಾಸೆ. ಆದ್ರೆ ಅದಕ್ಕೆ ಅಂಟಿಕೊಂಡೇ ಲಾಮರ್ಟ್ ಮಾಮನ ಟ್ಯಾಕ್ಸಸ್ ಬೇಲಿ ಇದೆ. ಅದು ಇರೋವರೆಗೂ ಕುದುರೆ ಬಿಡೋ ಹಾಗಿಲ್ಲ. ಮೂವತ್ತು ವರ್ಷ ಮಗು ಹಾಗೆ ಸಾಕಿದ ಬೇಲೀನ ಕಡೀರಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಈಗ ಇಲ್ಲಿ ಮೇಲಿಂದ ನೋಡ್ತೀನಿ, ನನ್ನ ಹುಲ್ಲುಗಾವಲ ಕಡೆ ಮಾಮ ಆಗ್ಲೇ ಕಡಿಯೋಕೆ ಶುರು ಮಾಡ್ಬಿಟ್ಟಿದ್ದಾರೆ! ನಾನು ಕೇಳೋಕ್ ಮುಂಚೇನೇ!"

ಚಪ್ಪಾಳೆಯೋ ಚಪ್ಪಾಳೆ. ಲಾಮರ್ಟ್ ಇಲ್ಲ ಅನ್ನಬೇಕಾದರೆ ಯಾಕೆ ಕಡಿದೆ ಎಂದು ಹೇಳಬೇಕಿತ್ತು.

"ಒಬ್ನೇ ಕಷ್ಟಪಡ್ತಿದ್ಯೇನಯ್ಯ?" ಟೊನ್ನಿ ಅವನ ಹೆಗಲು ತಟ್ಟಿದ. "ನೆರೆಯವರು ನಾವೆಲ್ಲ ಮತ್ಯಾಕಿದೀವಿ? ಗರಗಸ ತರ್ತೀನಿ ಇರು!"

"ಆ ಕಡೇದು ಮಾತ್ರ ಸಾಕು ಟೊನ್ನಿ..."

"ಕುದುರೆ ತಪ್ಪಿಸ್ಕೊಂಡು ಮುಂದುಗಡೆ ಬಂದ್ರೆ? ಸುತ್ತಾನೂ ತೆಗೆದ್ಬಿಡೋಣ!"

ಗರಗಸದ ಸದ್ದು ಮೊದಲಾಯಿತು. ವಾಫೆಲ್ ಮೂತಿ ಚಾಚಿ ಲಾಮರ್ಟನ ಕಿತ್ತಳೆ ಕಿವಿಯನ್ನು ಆಸೆಯಿಂದ ಮೂಸಿತು. ಯೊರೀನ್ ಥಟ್ಟನೆ ಲಗಾಮು ಎಳೆದು ಅದರ ಮುಖ ಆಚೆ ತಿರುಗಿಸಿದಳು. ಬಗ್ಗಿ, ಆ ಕಿವಿಯ ಹಿಂದೆ ಸಿಕ್ಕಿಕೊಂಡಿದ್ದ ಒಂದು ಪುಟ್ಟ ಟ್ಯಾಕ್ಸಸ್ ಕಡ್ಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಳು.

"ನನ್ನ ಮದುವೆಗೆ ಕಮಾನು ಕಟ್ಟೋವಾಗ," ಎಂದಳು ಮೆಲ್ಲಗೆ, "ಕಾಡಿಗೇ ಹೋಗಿ ಬನ್ನಿ ಮಾಮ."

ಸಂಜೆ ಬಿಸಿಲು ಚೆನ್ನಾಗಿತ್ತು. ದಣಿದಿದ್ದ ಲಾಮರ್ಟ್ ಅಭ್ಯಾಸಬಲದಿಂದ ಚಡ್ಡಿ ಹಾಕಿಕೊಂಡು ತನ್ನ ಮಾಮೂಲಿ ಕುರ್ಚಿಯಲ್ಲಿ ಕುಳಿತು ಕಣ್ಣುಮುಚ್ಚಿದ.

"ಲಾಮರ್ಟ್!" ಎದುರುಮನೆಯ ಅಡುಗೆಮನೆ ಕಿಟಕಿಯಿಂದ ಹರ್ಮಿನ್ ಕೈಬೀಸಿದಳು. "ನಿನ್ನ ಹೊಟ್ಟೆ ಮೇಲೆ ಇನ್ನೂ ಬಣ್ಣ ಉಳಿದಿದೆ ನೋಡು!"