ಪಟ್ಟಿ ಕಟ್ಟಿಸಿಕೊಂಡ ಎಡಗಾಲು

ಸಂತೋಷ ಉಕ್ಕಿದರೆ ನಾನು ಸುಳ್ಳು ಹೇಳಿಬಿಡುತ್ತೇನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಯಾರೂ ಕಲಿಸದೆ ಬಂದ ವಿದ್ಯೆ ಇದೊಂದೇ. ಈಗ ನನ್ನ ಮೊಮ್ಮಗಳು ಗಿರಿಜೆ ತರೀಕೆರೆಯಲ್ಲಿ ನರ್ಸಮ್ಮ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ, ಅವರು ಕೇಳದಿದ್ದರೂ, ಹೇಳುತ್ತೇನೆ. ಅವಳು ನರ್ಸಮ್ಮನಾದದ್ದಕ್ಕೆ ನನ್ನದೊಂದು ಸುಳ್ಳು ಕಾರಣವೆಂಬುದನ್ನು ಮಾತ್ರ ಇದುವರೆಗೆ ಬಾಯಿಬಿಟ್ಟಿಲ್ಲ.

ಅಜ್ಜಂಪುರದ ನಮ್ಮ ಮನೆಗೆ ಆಗಷ್ಟೇ ಕರೆಂಟು ಬಂದಿತ್ತು. ಬರುವುದಕ್ಕಿಂತ ಹೋಗುವುದೇ ಹೆಚ್ಚು. ಗಿರಿಜೆ ಎಸ್ಸೆಸ್ಸೆಲ್ಸಿ ಪಾಸಾಗಿ ನರ್ಸ್ ಟ್ರೈನಿಂಗಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಆದರೆ ಮುಳ್ಳು ಚುಚ್ಚಿ ಒಂದು ಹನಿ ರಕ್ತ ಕಂಡರೂ ಅವಳಿಗೆ ತಲೆ ಸುತ್ತುತ್ತಿತ್ತು. ಒಂದು ಗಾಯಕ್ಕಾದರೂ ಕೈಯಾರೆ ಪಟ್ಟಿ ಕಟ್ಟಿ ತೋರಿಸಲಿ, ಆಮೇಲೆ ಅರ್ಜಿಯ ಮಾತು ಎಂದು ನನ್ನ ಹೆಂಡತಿ ಗೌರಮ್ಮ ಹೇಳಿಬಿಟ್ಟಳು. ನಮ್ಮಲ್ಲಿ ಅವಳ ಮಾತೆಂದರೆ ಅಮಲ್ದಾರರ ಹುಕುಂ. ಅರ್ಜಿಗೆ ಎರಡೇ ದಿನ ಉಳಿದಿತ್ತು, ಮನೆಯಲ್ಲಿ ಯಾರಿಗೂ ಗಾಯವಾಗಲೊಲ್ಲದು.

ಮುಸ್ಸಂಜೆ ಕರೆಂಟು ಹೋಯಿತು. ಎದ್ದವನು ಹೊಸ್ತಿಲು ಎಡವಿ ಬಲಗಾಲಿನ ಹೆಬ್ಬೆರಳ ಉಗುರು ಕಿತ್ತುಕೊಂಡೆ. ಗೌರಮ್ಮ ಲಾಟೀನು ಮತ್ತು ಗಾಯಕ್ಕೆ ಮೆತ್ತಲು ಕಾಫಿಪುಡಿ ತರಲು ಹೊರಟಳು. ನಮ್ಮ ಮನೆಯ ಡಾಕ್ಟರು ಆ ಕಾಫಿಪುಡಿ ಡಬ್ಬಿಯೇ. "ಕಾಫಿಪುಡಿ ಬ್ಯಾಡ ಕಣಜ್ಜಿ, ನಾನು ಕಟ್ತೀನಿ" ಎಂದು ಗಿರಿಜೆ ಹತ್ತಿ, ಟಿಂಚರು, ಪಟ್ಟಿ ಇಟ್ಟಿದ್ದ ಬಿಸ್ಕತ್ತಿನ ಡಬ್ಬಿ ತಂದು, ತಡಕಾಡಿ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಕತ್ತಲಲ್ಲಿ ರಕ್ತ ಕಾಣದಲ್ಲ, ತಲೆ ಸುತ್ತಲಿಲ್ಲ. ಟಿಂಚರು ಉರಿಯುತ್ತದೆಂದು ಹಲ್ಲು ಕಚ್ಚಿದೆ. ಉರಿಯಲೇ ಇಲ್ಲ. ಎಂಥ ಕೈಗುಣ ಎಂದು ಹಿಗ್ಗಿಹೋದೆ. ಪಟ್ಟಿ ಮೂರು ಸುತ್ತು ಬಂದ ಮೇಲೆ ತಿಳಿಯಿತು, ಅವಳು ಹಿಡಿದದ್ದು ಎಡಗಾಲು.

"ನೋವು ಇದ್ಯೇನಜ್ಜ?"

"ಇಲ್ಲ ಕಣವ್ವ, ನಿಂತೇ ಹೋಯ್ತು" ಎಂದೆ. ಎಡಗಾಲಿನ ಮಟ್ಟಿಗೆ ಅದು ನಿಜವೇ.

ಲಾಟೀನು ಬರುವಷ್ಟರಲ್ಲಿ ಬಲಗಾಲನ್ನು ಹೊದ್ದಿದ್ದ ಕಂಬಳಿಯೊಳಗೆ ಎಳೆದುಕೊಂಡೆ. ಗೌರಮ್ಮ ಪಟ್ಟಿಯನ್ನು ಆ ಕಡೆ ಈ ಕಡೆ ನೋಡಿ, "ಹಾಕವ್ವ ಅರ್ಜಿ" ಎಂದಳು. ಮರುದಿನ ಕುಂಟಬೇಕಾದದ್ದು ಎಡಗಾಲು, ಕುಂಟುತ್ತಿದ್ದದ್ದು ಬಲಗಾಲು. ಎರಡನ್ನೂ ಕುಂಟಿಸಿಕೊಂಡು ಓಡಾಡಿದೆ. ಗಿರಿಜೆ ಅರ್ಜಿ ಹಾಕಲು ಹೊರಟ ಮೇಲೆ ಗೌರಮ್ಮ ನನ್ನ ಬಲಗಾಲಿನ ಹೆಬ್ಬೆರಳಿಗೆ ಕಾಫಿಪುಡಿ ಮೆತ್ತಿ ಎದ್ದುಹೋದಳು.

ಮೊನ್ನೆ ಕಾಲಿಗೆ ಗುದ್ದಲಿ ತಾಗಿಸಿಕೊಂಡು ಗಿರಿಜೆಯ ಆಸ್ಪತ್ರೆಗೇ ಹೋದೆ. ಎಲ್ಲರೆದುರಿಗೆ ನನ್ನ ಎರಡೂ ಚಪ್ಪಲಿ ಬಿಚ್ಚಿಸಿ, ಸುರಿಯುತ್ತಿದ್ದ ರಕ್ತವನ್ನು ಸರಾಗವಾಗಿ ಒರೆಸುತ್ತ, "ಇವತ್ತಾದ್ರೂ ನಿಜ ಹೇಳಜ್ಜ, ಯಾವ ಕಾಲು?" ಎಂದು ಕೇಳಿದಳು. ಇಷ್ಟು ವರ್ಷ ಅದನ್ನು ಗುಟ್ಟೆಂದು ನಂಬಿದ್ದವನು ನಾನೊಬ್ಬನೇ.