ಅನಂತರಾಮು ಮೇಷ್ಟ್ರ ಅಮಾನತ್ತು

ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಅನಂತರಾಮು ಅವರಿಗೆ ಇಡೀ ಸರ್ವಿಸ್ಸಿನಲ್ಲಿ ಒಂದು ಮೆಮೋ ಕೂಡ ಬಂದಿರಲಿಲ್ಲ. ಅಂಥವರು ರಿಟೈರಾದ ಮೇಲೆ, ಪದ್ಮನಾಭನಗರದ ಸ್ವಂತ ಮನೆಯಲ್ಲಿ, ಸ್ವಂತ ಈಸಿಚೇರಿನ ಮೇಲೆ ಕುಳಿತಿದ್ದಾಗ ಅಮಾನತ್ತಾದರು. ಹಾಗೆ ಮಾಡಿದ್ದು ಅವರದೇ ಮೊಬೈಲು. ಕಾರಣ, ಚೌಕಾಬಾರ.

ಮಗಳು ಧೃತಿಯ ಬಾಣಂತನ ತವರಿನಲ್ಲೇ ಆಗಬೇಕಿತ್ತು. ಆದರೆ ತವರುಮನೆಯ ಎದುರು ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡ ಏಳುತ್ತಿತ್ತು. ಲಾಲಿ ಹಾಡಬೇಕಾದ ಹೊತ್ತಿಗೆ ಕಾಂಕ್ರೀಟ್ ಮಿಕ್ಸರ್ ಹಾಡುತ್ತಿತ್ತು. ಹಾಗಾಗಿ ತವರೇ ಮಗಳ ಮನೆಗೆ ಹೋಗುವುದೆಂದು ತೀರ್ಮಾನವಾಗಿ, ಕಾತ್ಯಾಯಿನಮ್ಮ ಮೆಣಸು, ಶುಂಠಿ, ಹರಳೆಣ್ಣೆ ಸಮೇತ ಅರೆಕೆರೆಯ ಫ್ಲ್ಯಾಟಿಗೆ ಹೊರಟರು. ಮಗಳೂ ಅಳಿಯ ವಸಿಷ್ಠನೂ ಮೇಷ್ಟ್ರನ್ನು ಬಾಯಿತುಂಬ ಕರೆದರು. ಮೇಷ್ಟ್ರು ಜಗ್ಗಲಿಲ್ಲ. ಮಾವನಾದವನು ಅಳಿಯನ ಮನೆಯಲ್ಲಿ ಊಟ ಮಾಡಬಹುದು, ಹಾಸಿಗೆ ಬಿಚ್ಚಬಾರದು ಎಂಬುದು ಶಾಸ್ತ್ರ. (ಯಾವ ಶಾಸ್ತ್ರ ಎಂದು ಕೇಳಬೇಡಿ. ಅದನ್ನು ರಚಿಸಿದವರು ಅವರೇ.)

ಹೆಂಡತಿ ಹೋದ ಮೊದಲ ವಾರವೇ ಮೇಷ್ಟ್ರಿಗೆ ಶಾಸ್ತ್ರದ ಬೆಲೆ ಗೊತ್ತಾಯಿತು. ಮನೆಯಲ್ಲಿ ಮಾತಿಗೆ ಉತ್ತರವಿಲ್ಲ. ಬೈಯೋಣವೆಂದರೆ ಜನವಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ತಪ್ಪು ಯಾರದೆಂದು ಹುಡುಕುವ ಪ್ರಮೇಯವೇ ಇಲ್ಲ. ಆದರೂ "ನೀನಿಲ್ಲದೆ ಬೇಜಾರು" ಎಂದು ಫೋನಿನಲ್ಲಿ ಹೇಳುವ ಅಭ್ಯಾಸ ಅವರ ವಂಶದಲ್ಲೇ ಇರಲಿಲ್ಲ. ಅವರು ಫೋನ್ ಮಾಡಿ ಗ್ಯಾಸ್ ಬುಕ್ ಮಾಡುವುದು ಹೇಗೆ ಎಂದು ಕೇಳುತ್ತಿದ್ದರು. ಮರುದಿನ ಮತ್ತೆ ಅದನ್ನೇ ಕೇಳುತ್ತಿದ್ದರು.

ವಸಿಷ್ಠ ಬುದ್ಧಿವಂತ. ಅತ್ತೆಮಾವಂದಿರ ಇಬ್ಬರ ಫೋನಿಗೂ ಆನ್‌ಲೈನ್ ಚೌಕಾಬಾರ ಹಾಕಿಕೊಟ್ಟ. ಅದರಲ್ಲಿ ಜೋಡಿ ಪಂದ್ಯ ಎಂದಿದೆ. ಎಲ್ಲೆಲ್ಲೋ ಇರುವ ಇಬ್ಬರು ಒಂದು ಜೋಡಿಯಾಗಿ ಇನ್ನೊಂದು ಜೋಡಿಯ ಮೇಲೆ ಆಡಬಹುದು, ಗೆದ್ದರೆ ಶ್ರೇಣಿ ಏರುತ್ತದೆ, ಆಡುತ್ತಲೇ ಬರೆದು ಮಾತಾಡಬಹುದು. ಸಂಜೆ ಐದಕ್ಕೆ ಮಗುವಿಗೆ ನೀರು ಹಾಕಿ ಮಲಗಿಸಿ ಕಾತ್ಯಾಯಿನಮ್ಮ ಅಲ್ಲಿ ಕೂರುವರು, ಮೇಷ್ಟ್ರು ಇಲ್ಲಿ ಕೂರುವರು. ಮಧ್ಯಾಹ್ನ ಮೂರಕ್ಕೇ ಫೋನ್ ಚಾರ್ಜಿಗೆ ಹಾಕಿ ಕಾಯುತ್ತಿದ್ದದ್ದನ್ನು ಮಾತ್ರ ಮೇಷ್ಟ್ರು ಯಾರಿಗೂ ಹೇಳಲಿಲ್ಲ.

ಎದುರಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಸಿದ್ದಾಪುರದ ಮುನಿಯಕ್ಕ ಮತ್ತು ಆಕೆಯ ಮೈದುನ ಬೈಲಪ್ಪ. ಮೇಷ್ಟ್ರು ಕ್ರೀಡಾ ಮನೋಭಾವವನ್ನು ಮಕ್ಕಳಿಗೆ ಅರೆದು ಕುಡಿಸಿದವರು. ಹಾಗಾಗಿ ಪ್ರತಿದಿನ ಆಟಕ್ಕೆ ಮೊದಲು, "ಗೌರವಾನ್ವಿತ ಎದುರಾಳಿಗಳಿಗೆ ನಮಸ್ಕಾರ, ಯೋಗ್ಯರೇ ಗೆಲ್ಲಲಿ" ಎಂದು ಬರೆಯುತ್ತಿದ್ದರು. ತಮ್ಮ ಕಾಯಿಯನ್ನೇ ಹೊಡೆದು ವಾಪಸ್ಸು ಕಳಿಸಿದರೂ "ಸೊಗಸಾದ ನಡೆ" ಎಂದು ಮೆಚ್ಚುತ್ತಿದ್ದರು. ಬೈಲಪ್ಪ ಎಲ್ಲದಕ್ಕೂ ಒಂದು ಹೆಬ್ಬೆಟ್ಟು ಒತ್ತುತ್ತಿದ್ದ.

ಹೆಂಡತಿಯ ವಿಷಯ ಬೇರೆ. "ಗಮನ ಎಲ್ಲಿದೆ?" "ಆ ಕಾಯಿ ನಡೆಸದೆ ಹುಳಿಗೆ ಇಟ್ಕೊಂಡಿದ್ದೀಯಾ?" "ಕವಡೆ ಎಣಿಸೋಕೂ ಅಳಿಯನ್ನ ಕರೀಬೇಕಾ?" ಎಂದು ಆಕೆಗೆ ಒಂದರ ಹಿಂದೊಂದು ಬರೆಯುತ್ತಿದ್ದರು. ಎದುರಾಳಿಗೆ ಅಷ್ಟೋತ್ತರ, ಹೆಂಡತಿಗೆ ಮಂಗಳಾರತಿ. ಹೆಂಡತಿಯ ಹೆಸರಿನ ಮೇಲೆ ಒತ್ತಿ ಬರೆದರೆ ಅದು ಗಂಡಹೆಂಡಿರ ನಡುವಿನ ಗುಟ್ಟು ಎಂದು ಅವರು ತಿಳಿದಿದ್ದರು. ಅಲ್ಲಿ ಬರೆದದ್ದು ನಾಲ್ಕು ಜನರಿಗೂ ಕಾಣುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ದಿನ ಆಟ ಕೂದಲೆಳೆಯಲ್ಲಿ ನಿಂತಿತ್ತು. ಮುನಿಯಕ್ಕನ ಕೊನೆಯ ಕಾಯಿ ಹಣ್ಣಾಗುವುದಕ್ಕೆ ಒಂದೇ ಮನೆ ಬಾಕಿ. ಕಾತ್ಯಾಯಿನಮ್ಮನಿಗೆ ಸರಿಯಾಗಿ ಚೌಕ ಬಿತ್ತು. ಹೊಡೆದರೆ ಆ ಕಾಯಿ ಮೊದಲಿಗೆ ವಾಪಸ್ಸು, ಮೇಷ್ಟ್ರ ಜೋಡಿಗೆ ಗೆಲುವು ಖಚಿತ. ಮೇಷ್ಟ್ರು ಈಸಿಚೇರಿನ ತುದಿಗೆ ಬಂದು ಕುಳಿತರು. ಕಾತ್ಯಾಯಿನಮ್ಮ ನಿಧಾನವಾಗಿ ಇನ್ನಾವುದೋ ಮೂಲೆಯಲ್ಲಿದ್ದ ಕಾಯಿಯನ್ನು ನಾಲ್ಕು ಮನೆ ನಡೆಸಿದರು. ಕೆಳಗೆ ಬರೆದರು: "ಪಾಪ ರೀ, ಅಷ್ಟು ದೂರ ಬಂದಿದಾರೆ."

ಮೇಷ್ಟ್ರಿಗೆ ತಲೆ ಕೆಟ್ಟಿತು. "ನಿನ್ನ ಕಟ್ಕೊಂಡು ಆಡೋದಕ್ಕಿಂತ ಒಬ್ಬನೇ ಇರೋದು ಮೇಲು" ಎಂದು ಬರೆದು, ಆಟವನ್ನು ಅರ್ಧಕ್ಕೇ ಬಿಟ್ಟು ಹೊರಬಂದರು. ಆಟ ಮುಗಿಯುವ ಮುಂಚೆ ಮೈದಾನ ಬಿಟ್ಟ ಹುಡುಗರನ್ನು ಬಿಸಿಲಿನಲ್ಲಿ ಸುತ್ತು ಹಾಕಿಸುತ್ತಿದ್ದವರು ಇದೇ ಮಹನೀಯರು.

ಕಾಫಿ ಕುಡಿದರೆ ಸರಿಹೋದೀತೆಂದು ಅಡುಗೆಮನೆಗೆ ಹೋದರು. ಹಾಲು ಒಡೆದಿತ್ತು. ವಾಪಸ್ಸು ಬಂದು ನೋಡಿದರೆ ಫೋನಿನ ನೆತ್ತಿಯ ಮೇಲೆ ಒಂದೇ ಸಾಲು: "ಕಾತ್ಯಾಯಿನಿ: ಬರ್ತೀನಿ."

ಹಿಂದುಮುಂದೇನಿದೆ ನೋಡೋಣವೆಂದು ಆಟ ತೆರೆಯಹೋದರೆ ಬಾಗಿಲು ಹಾಕಿತ್ತು. "ಜೊತೆ ಆಟಗಾರರೊಂದಿಗೆ ಅನುಚಿತ ವರ್ತನೆ ಹಾಗೂ ಪಂದ್ಯವನ್ನು ಮಧ್ಯದಲ್ಲಿ ತೊರೆದ ಕಾರಣ ನಿಮ್ಮನ್ನು ಮೂರು ದಿನ ಅಮಾನತ್ತಿನಲ್ಲಿಡಲಾಗಿದೆ." ಬೇರೆ ದಿನವಾಗಿದ್ದರೆ ಮೇಷ್ಟ್ರು ಇದಕ್ಕೇ ಕುಸಿದು ಕೂರುತ್ತಿದ್ದರು. ಈಗ ಅವರ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಬರ್ತೀನಿ.

ಹೊಸಿಲಿನ ಮೇಲೆ ನಿಂತು ಬರ್ತೀನಿ ಎಂದರೆ ಹೋಗುತ್ತೇನೆ ಎಂದರ್ಥ. ಅದು ಹಾಲುಗಲ್ಲದ ಮಗುವಿಗೂ ಗೊತ್ತು. ಆದರೆ ಅರೆಕೆರೆಯಲ್ಲಿ ಕುಳಿತವಳು ಬರ್ತೀನಿ ಎಂದರೆ? ಬರುತ್ತಾಳೆ! ಒಬ್ಬನೇ ಇರೋದು ಮೇಲು ಅಂದೆಯಲ್ಲ, ಬಂದು ವಿಚಾರಿಸಿಕೊಳ್ಳುತ್ತೇನೆ ಎಂದು ಬ್ಯಾಗು ಹಿಡಿದು ಬರುತ್ತಾಳೆ. ಮೇಷ್ಟ್ರಿಗೆ ಎದೆ ಝಲ್ಲೆಂದಿತು. ಝಲ್ಲೆಂದದ್ದರಲ್ಲಿ ಭಯ ಎಷ್ಟು, ಖುಷಿ ಎಷ್ಟು ಎಂದು ಅವರಿಗೇ ತಿಳಿಯಲಿಲ್ಲ. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಬೈದವನೇ ಮೊದಲು ಫೋನ್ ಮಾಡಿದರೆ ಅದು ಕ್ಷಮಾಪಣೆಯಾಗಿಬಿಡುತ್ತದಲ್ಲ.

ಮುಂದಿನ ಒಂದು ತಾಸು ಪದ್ಮನಾಭನಗರದ ಆ ಮನೆಯಲ್ಲಿ ನಡೆದದ್ದು ಭಗೀರಥ ಪ್ರಯತ್ನ. ಸಿಂಕಿನಲ್ಲಿ ಗೋಪುರವಾಗಿದ್ದ ಪಾತ್ರೆಗಳು ಬೆಳಗಿದವು. ಕುರ್ಚಿಗಳ ಮೇಲಿದ್ದ ಒದ್ದೆ ಟವೆಲುಗಳು ಹಗ್ಗಕ್ಕೇರಿದವು. ಬಾಡಿದ ತುಳಸಿಗೆ ಒಂದು ಬಕೆಟ್ ನೀರು ಬಿತ್ತು. (ಗಿಡ ಒಣಗಿ ಸಾಯುವುದು ತಪ್ಪಿತು, ಕೊಳೆತು ಸಾಯುವ ಸಂಭವ ಹೆಚ್ಚಾಯಿತು.) ಕೊನೆಗೆ ಮೂಲೆಯ ಅಂಗಡಿಗೆ ಓಡಿ ಹಾಲು ತಂದರು. ಪಕ್ಕದಲ್ಲೇ ಹೂವಿನವಳು ಕುಳಿತಿದ್ದಳು. ಎರಡು ಮೊಳ ಮಲ್ಲಿಗೆಯನ್ನೂ ತಂದರು. ಮದುವೆಯಾದ ಮೇಲೆ ಹಬ್ಬವಿಲ್ಲದ ದಿನ ಅವರು ಹೂವು ತಂದದ್ದು ಇದೇ ಮೊದಲು.

ಗೇಟಿನ ಬಳಿ ನಿಂತರು. ಆಟೋ ಬಂದಾಗಲೆಲ್ಲ ಕತ್ತು ಉದ್ದ ಮಾಡಿದರು. ಆಟೋಗಳು ಎದುರುಮನೆಗೆ, ಟ್ಯೂಷನ್ ಮನೆಗೆ, ಎಲ್ಲೆಲ್ಲಿಗೋ ಹೋದವು. ಬನಶಂಕರಿಯಲ್ಲಿ ಟ್ರಾಫಿಕ್ ಇರಬೇಕು ಎಂದುಕೊಂಡರು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಶರ್ವಾಣಿ, ಅವರಮ್ಮ ಎಂದೋ ಒಯ್ದಿದ್ದ ಸ್ಟೀಲ್ ಡಬ್ಬಿಯನ್ನು ವಾಪಸ್ಸು ತಂದಳು. ಮೇಷ್ಟ್ರ ಕೈಗೆ ಡಬ್ಬಿ ಕೊಟ್ಟು, "ಬರ್ತೀನಿ ಅಂಕಲ್" ಎಂದು ಬೆನ್ನು ತಿರುಗಿಸಿ ಹೊರಟುಹೋದಳು.

ಮೇಷ್ಟ್ರು ಡಬ್ಬಿ ಹಿಡಿದು ನಿಂತೇ ಇದ್ದರು. ಬರ್ತೀನಿ ಎಂದಳು, ಹೋದಳು. ಎಲ್ಲರೂ ಹಾಗೆಯೇ. ಅಂದರೆ ಕಾತ್ಯಾಯಿನಿಯೂ ಹೋದಳು. ಆಟದಿಂದ ಹೋದಳೋ, ತನ್ನ ಜೊತೆ ಆಡುವುದನ್ನೇ ಬಿಟ್ಟಳೋ. ಮೂರು ದಿನವಾದ ಮೇಲೆ ಅಮಾನತ್ತು ಮುಗಿಯುತ್ತದೆ, ಆದರೆ ಅವಳು ಆ ಕಡೆ ಕೂರದಿದ್ದರೆ ಸಂಜೆ ಐದು ಗಂಟೆ ಬಂದು ಮಾಡುವುದಾದರೂ ಏನು? ಮಾನ, ಶಾಸ್ತ್ರ ಎಲ್ಲವನ್ನೂ ಮನೆಯೊಳಗೆ ಹಾಕಿ ಬೀಗ ಜಡಿದು ಆಟೋ ಹತ್ತಿದರು.

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕನ್ನೆಲ್ಲ ದಾಟಿ ಅರೆಕೆರೆ ಸೇರುವ ಹೊತ್ತಿಗೆ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಬಾಗಿಲು ತೆಗೆದ ವಸಿಷ್ಠ ಗಾಬರಿಯಿಂದ ಏನಾಯಿತು ಎಂದು ಕೇಳಿದ. ಏನಿಲ್ಲ, ಹೀಗೇ ಈ ಕಡೆ ಬಂದಿದ್ದೆ ಎಂದರು ಮೇಷ್ಟ್ರು. ಕೈಯಲ್ಲಿ ಮಲ್ಲಿಗೆ ಹಿಡಿದು ಹೀಗೇ ಬರುವ ಮಾವನನ್ನು ಅಳಿಯ ಮೇಲಿಂದ ಕೆಳಗೆ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಹಾಲ್‌ನಲ್ಲಿ ಕಾತ್ಯಾಯಿನಮ್ಮ ತೊಟ್ಟಿಲ ಪಕ್ಕ ಚಾಪೆಯ ಮೇಲೆ ಕುಳಿತು ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ, ಇನ್ನೊಂದರಲ್ಲಿ ಫೋನ್ ಹಿಡಿದು ಆಡುತ್ತಿದ್ದರು.

"ಬರ್ತೀನಿ ಅಂದಿದ್ದೆಯಲ್ಲ" ಎಂದರು ಮೇಷ್ಟ್ರು.

"ಎಲ್ಲಿಗೆ ಬರ್ಲಿ? ಅದು ಮುನಿಯಕ್ಕನಿಗೆ ಹೇಳಿದ್ದು ಕಣ್ರೀ. ಆಟ ಬಿಟ್ಟು ಏಳೋವಾಗ ಒಂದ್ಮಾತು ಹೇಳೋದು ಬೇಡ್ವಾ? ಎಲ್ರೂ ನಿಮ್ ಥರ ಎದ್ದು ಹೋಗ್ತಾರಾ?"

ಮೇಷ್ಟ್ರು ಚಾಪೆಯ ಅಂಚಿಗೆ ಕುಳಿತರು. ತಾನು ದಿನಾ ಅಷ್ಟೆಲ್ಲ ಬೈದರೂ ಒಂದು ದಿನವಾದರೂ ತಿರುಗಿ ಏನನ್ನೂ ಬರೆಯಲಿಲ್ಲವೇಕೆ ಎಂದು ಮೆಲ್ಲಗೆ ಕೇಳಿದರು.

ಕಾತ್ಯಾಯಿನಮ್ಮ ಫೋನಿನಿಂದ ಕಣ್ಣೆತ್ತಿದರು. "ನೀವು ಬೈದ್ರೆ ನಂಗೆ ಸಮಾಧಾನ ರೀ. ಊಟ ಮಾಡಿದಾರೆ, ಬಿಪಿ ಮಾತ್ರೆ ತಗೊಂಡಿದಾರೆ, ಗಟ್ಟಿಮುಟ್ಟಾಗಿದಾರೆ ಅಂತ ಗೊತ್ತಾಗ್ತಿತ್ತು. ಆದ್ರೆ ಒಬ್ನೇ ಇರೋದು ಮೇಲು ಅಂದ್ರಲ್ಲ, ಅದನ್ನ ಓದಿ ತುಂಬಾ ಬೇಜಾರಾಯ್ತು." ಹೇಳುವಾಗ ಅವರ ಕಣ್ಣು ಒದ್ದೆಯಾಯಿತು.

"ಅದು ಸುಳ್ಳು" ಎಂದರು ಮೇಷ್ಟ್ರು. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ತಡೆಯಿಲ್ಲದೆ ಬಂತು. "ನೀನಿಲ್ದೆ ಆ ಮನೇಲಿ ನಂಗೆ ಇರಕ್ಕಾಗ್ತಿಲ್ಲ ಕಾತ್ಯಾಯಿನಿ. ಗ್ಯಾಸ್ ಬುಕ್ ಮಾಡೋದು ನಂಗೆ ಬರತ್ತೆ. ನಿನ್ ಧ್ವನಿ ಕೇಳೋಕೆ ಫೋನ್ ಮಾಡ್ತಿದ್ದೆ. ತಪ್ಪಾಯ್ತು."

ಅಷ್ಟು ಹೊತ್ತಿಗೆ ಕಾತ್ಯಾಯಿನಮ್ಮನ ಕೈಯಲ್ಲಿದ್ದ ಫೋನು ಮಾತಾಡಿತು. "ಹೇಳ್ಬಿಟ್ರಾ ಕಾತ್ಯಕ್ಕ? ಹೂಂ, ಒಪ್ಕೊಂಡ್ರು ಬಿಡು."

ಮೇಷ್ಟ್ರು ಬೆಚ್ಚಿಬಿದ್ದರು. ಬರೆಯುವುದಷ್ಟೇ ಅಲ್ಲ, ಆಟದಲ್ಲಿ ಬಾಯಲ್ಲೂ ಮಾತಾಡಬಹುದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಮೈಕು ಆನ್ ಇತ್ತು. ಆಟದಲ್ಲಿದ್ದ ಅಷ್ಟೂ ಜನ ಅವರ ಹೃದಯವನ್ನು ನೇರ ಪ್ರಸಾರದಲ್ಲಿ ಕೇಳಿದ್ದರು.

"ಕಂಪ್ಲೇಂಟ್ ಕೊಟ್ಟಿದ್ದು ನಾನೇ ಸಾರ್" ಎಂದಿತು ಮುನಿಯಕ್ಕನ ಧ್ವನಿ. "ಹೆಂಡ್ತಿನ ಬೈಯೋ ಬಾಯಲ್ಲಿ ನಮಗ್ಯಾಕೆ ನಮಸ್ಕಾರ? ನಿಮ್ ನಮಸ್ಕಾರ ಅವ್ರಿಗೆ ಕೊಡಿ, ನಮಗೆ ಬೇಕಾದ್ರೆ ಎರಡು ಬೈರಿ, ನಾವು ವಾಪಸ್ ಬೈತೀವಿ." ಕಾತ್ಯಾಯಿನಮ್ಮನ ಹೊಸ ಜೊತೆಗಾರ್ತಿ ಆಕೆಯೇ ಎಂದು ಮೇಷ್ಟ್ರಿಗೆ ಆಗ ತಿಳಿಯಿತು. ಬೈಲಪ್ಪನನ್ನು ಬಿಟ್ಟು, ಎದ್ದು ಹೋದ ಕಾತ್ಯಾಯಿನಮ್ಮನನ್ನು ತಾನೇ ಮತ್ತೆ ಆಟಕ್ಕೆ ಕರೆದಿದ್ದಳಂತೆ. ಇಬ್ಬರೂ ಸೇರಿ ಸಂಜೆಯಿಂದ ಒಂದು ಆಟವನ್ನೂ ಸೋತಿರಲಿಲ್ಲ.

ಆ ರಾತ್ರಿ ಮೇಷ್ಟ್ರು ಅಳಿಯನ ಮನೆಯಲ್ಲಿ ಹಾಸಿಗೆ ಬಿಚ್ಚಿದರು. ಬೆಳಗ್ಗೆ ಎದ್ದು ಬಾಣಂತಿಗೆ ನೀರು ಕಾಯಿಸಿದರು, ಮೊಮ್ಮಗುವಿನ ಬಟ್ಟೆ ಒಗೆದು ಟೆರೇಸಿನ ಮೇಲೆ ಸಾಲಾಗಿ, ಡ್ರಿಲ್ಲಿಗೆ ನಿಲ್ಲಿಸಿದಂತೆ ಒಣಹಾಕಿದರು. ಇವರು ಇಷ್ಟು ಕೆಲಸಕ್ಕೆ ಬರುತ್ತಾರೆಂದು ಗೊತ್ತಿದ್ದರೆ ಅವತ್ತೇ ಎಳೆದುಕೊಂಡು ಬರುತ್ತಿದ್ದೆ ಎಂದು ಧೃತಿ ನಕ್ಕಳು. ಪದ್ಮನಾಭನಗರಕ್ಕೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ, ಮೇಷ್ಟ್ರಂತೂ ಎತ್ತಲೇ ಇಲ್ಲ.

ಅಮಾನತ್ತು ಮುಗಿದ ದಿನ ಸರಿಯಾಗಿ ಐದು ಗಂಟೆಗೆ ಮೇಷ್ಟ್ರು ಆಟ ತೆರೆದು, ಜೋಡಿಯಾಗುವಂತೆ ಕೋರಿ ಹೆಂಡತಿಗೆ ಮನವಿ ಕಳಿಸಿದರು. ಪಕ್ಕದಲ್ಲೇ ಕುಳಿತಿದ್ದ ಕಾತ್ಯಾಯಿನಮ್ಮನ ಫೋನು ಟಿಣ್ ಎಂದಿತು. ಅವರು ಕನ್ನಡಕ ಏರಿಸಿಕೊಂಡು, "ಅನಂತರಾಮು ಎಂಬುವರು ನಿಮ್ಮೊಂದಿಗೆ ಆಡಲು ಬಯಸಿದ್ದಾರೆ" ಎಂದು ಗಟ್ಟಿಯಾಗಿ ಓದಿದರು.

"ಮುನಿಯಕ್ಕನ್ನ ಒಂದ್ಮಾತು ಕೇಳ್ತೀನಿ ಇರಿ" ಎಂದರು.

ಕೇಳಿದರು. ಸಿದ್ದಾಪುರದಿಂದ ತೀರ್ಪು ಕೂಡಲೇ ಬಂತು. "ಅವಸರ ಬೇಡ ಕಾತ್ಯಕ್ಕ. ಇನ್ನೊಂದು ವಾರ ಪಕ್ಕದಲ್ಲೇ ಕೂರಿಸ್ಕೊಂಡು ಹೆಂಗಿರ್ತಾರೆ ನೋಡು."

ಮೇಷ್ಟ್ರು ಮೇಲ್ಮನವಿ ಸಲ್ಲಿಸಲಿಲ್ಲ. ಒಣಗಿದ ಪುಟ್ಟ ಬಟ್ಟೆಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಹೆಂಡತಿಯ ಪಕ್ಕಕ್ಕೆ ಇನ್ನಷ್ಟು ಸರಿದು ಕುಳಿತು, ಒಂದೊಂದನ್ನೇ ಮಡಿಸತೊಡಗಿದರು.