ಮಾವನಿಗೆ ಹಿಡಿದ ಆಸ್ಪತ್ರೆ

ನನಗೆ ತಿಳಿವಳಿಕೆ ಬಂದಾಗಿನಿಂದಲೂ ನಮ್ಮ ಸೋದರಮಾವನಿಗೆ ಒಂದೇ ಒಂದು ಕಾಯಿಲೆ. ಅದರ ಹೆಸರು ಆಸ್ಪತ್ರೆ! ಚಳಿಜ್ವರ ಹಿಡಿದವರನ್ನು ನೀವು ನೋಡಿರುತ್ತೀರಿ, ದೆವ್ವ ಹಿಡಿದವರನ್ನೂ ನೋಡಿರಬಹುದು. ಆಸ್ಪತ್ರೆ ಹಿಡಿದವರನ್ನು ನೋಡಬೇಕಾದರೆ ಮಾತ್ರ ಕಿಕ್ಕೇರಿಯಲ್ಲಿ ಮೋಟಾರು ಇಳಿದು ನಮ್ಮೂರಿಗೇ ನಡೆದು ಬರಬೇಕು. ಮನೆ ಎಲ್ಲಿ ಎಂದು ಕೇಳುವ ಕಷ್ಟವಿಲ್ಲ. ಟಿಣ್ ಟಿಣ್ ಎಂದು ಸೀಸೆಗಳ ಸದ್ದು ಎಲ್ಲಿಂದ ಬರುತ್ತದೋ ಅಲ್ಲಿ ಮಾವ ಇರುತ್ತಾನೆ.

ಮೊದಲು ಈ ಸೀಸೆಯ ಸಂಗತಿ ಹೇಳಿಬಿಡುತ್ತೇನೆ. ನಮ್ಮೂರಿನದು ಲೋಕಲ್ ಫಂಡ್ ಆಸ್ಪತ್ರೆ. ಅಂದರೆ ಡಾಕ್ಟರನ್ನೂ ಔಷಧಿಯನ್ನೂ ತಾಲ್ಲೂಕು ಬೋರ್ಡಿನವರು ಕೊಡುತ್ತಾರೆ, ಸೀಸೆಯನ್ನು ಮಾತ್ರ ರೋಗಿಯೇ ತರಬೇಕು. ಜ್ವರ ಯಾರ ಮನೆಯಲ್ಲಿ ಬೇಕಾದರೂ ಇರುತ್ತದೆ, ಸೀಸೆ ಇರಬೇಕಲ್ಲ! ಒಬ್ಬಳು ಅಜ್ಜಿ ತೆಂಗಿನ ಕರಟ ಹಿಡಿದುಕೊಂಡು ಬಂದು, ಔಷಧಿಯನ್ನೆಲ್ಲ ದಾರಿಯಲ್ಲಿ ಚೆಲ್ಲಿಕೊಂಡು ಹೋದಳಂತೆ. ಅಂದಿನಿಂದ ಮಾವ ತನ್ನ ಕರಿ ಕೋಟಿನ ಎರಡೂ ಜೇಬಿನಲ್ಲಿ ತೊಳೆದ ಸೀಸೆಗಳನ್ನು ತುಂಬಿಕೊಂಡೇ ಓಡಾಡತೊಡಗಿದ. ನೆಂಟರ ಮನೆಗೆ ಹೋದರೆ ಉಳಿದವರು ಹೋಳಿಗೆ ಕಟ್ಟಿಸಿಕೊಂಡು ಬರುತ್ತಾರೆ, ಇವನು ಖಾಲಿ ಅತ್ತರಿನ ಸೀಸೆ ಕೇಳಿ ತರುತ್ತಾನೆ. ಅತ್ತೆಯ ದೂರು ಬೇರೆ.

"ನನ್ ಹರಳೆಣ್ಣೆ ಸೀಸೇನೂ ಬುಡ್ಲಿಲ್ಲ ಕಣಪ್ಪ. ಊರ್ನೋರ ಕೆಮ್ಮೆಲ್ಲ ಈಗ ನನ್ ಸೀಸೇಲೇ ಅದೆ!"

ಇಷ್ಟು ಭಕ್ತನಾದವನು ಔಷಧಿ ಎಷ್ಟು ಕುಡಿದಿರಬಹುದು ಹೇಳಿ? ಒಂದು ತೊಟ್ಟೂ ಇಲ್ಲ! ಕಹಿ ಎಂದರೆ ಮಾವನಿಗೆ ಹುಲಿ ಕಂಡ ಹಾಗೆ. ಡಾಕ್ಟರು ಒತ್ತಾಯ ಮಾಡಿ ಕೊಟ್ಟದ್ದನ್ನೆಲ್ಲ ಹಿತ್ತಿಲಿನ ದಾಸವಾಳದ ಬುಡಕ್ಕೆ ಸುರಿದುಬಿಡುತ್ತಾನೆ. ಆ ಗಿಡಕ್ಕೆ ಈವರೆಗೆ ಒಂದು ಸಲವೂ ಚಳಿಜ್ವರ ಬಂದಿಲ್ಲ.

ಮಾವ ತಾಲ್ಲೂಕು ಬೋರ್ಡಿನ ಮೆಂಬರು. ಪೇಟೆಯಲ್ಲಿ ಮೀಟಿಂಗು ನಡೆದಾಗ ಅವನ ಟೋಪಿ ಹೊತ್ತು ಹಿಂದೆ ಹೋಗುವುದು ನನ್ನ ಉದ್ಯೋಗ. ಲೋವರ್ ಸೆಕೆಂಡರಿ ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ಹಾಗೆಯೇ ಎದ್ದು ಬಂದವನಿಗೆ ಅದಕ್ಕಿಂತ ದೊಡ್ಡ ಉದ್ಯೋಗ ಯಾರು ಕೊಡುತ್ತಾರೆ? ಅಲ್ಲಿ ಮಾವನದು ಒಂದೇ ಹಾಡು. ಬೀದಿ ದೀಪದ ವಿಚಾರ ಬಂತೆನ್ನಿ. "ದೀಪ ಬೇಕು ಸ್ವಾಮಿ, ಆಸ್ಪತ್ರೆ ದಾರಿ ಕಾಣಾಕೆ!" ಕೆರೆಯ ಕೋಡಿಯ ವಿಚಾರ. "ಕೋಡಿ ಕಟ್ಸಿ, ಇಲ್ದಿದ್ರೆ ಸೊಳ್ಳೆ, ಸೊಳ್ಳೆ ಬಂದ್ರೆ ಜ್ವರ, ಜ್ವರ ಬಂದ್ರೆ ಆಸ್ಪತ್ರೆ!" ಒಮ್ಮೆ ಬೀಡಾಡಿ ದನಗಳ ದೊಡ್ಡಿಯ ವಿಚಾರ ಬಂದಾಗ ಅಧ್ಯಕ್ಷರು ನೆಮ್ಮದಿಯಾಗಿ ಒರಗಿಕೊಂಡು, "ಇದರಲ್ಲಿ ಆಸ್ಪತ್ರೆ ಬರುವುದಿಲ್ಲ ಅಲ್ಲವೇನಯ್ಯಾ?" ಎಂದರು.

ಮಾವ ಎದ್ದು ನಿಂತ. "ದನ ಕೊಂಬ್ನಲ್ಲಿ ಆಯ್ದ್ರೆ ಎಲ್ಲಿಗೋಗಾದು ಸ್ವಾಮಿ?"

ಇಂಥ ಮಾವನನ್ನು ಅಣಕಿಸದೆ ಬಿಡಲು ನಾನೇನು ಋಷಿಯೇ? ಮೇಷ್ಟರು, ಶಾನುಭೋಗರು, ಮೋಟಾರಿನ ಹಾರನ್ನು, ಯಾವುದನ್ನೂ ನಾನು ಬಿಟ್ಟವನಲ್ಲ. ನಾಟಕದ ಕಂಪನಿಗೆ ರಾಜನ ಪಾರ್ಟು ಕೇಳಲು ಹೋಗಿ, ತೆರೆಯ ಹಿಂದೆ ನರಿ ಕೂಗುವ ಪಾರ್ಟು ಗಿಟ್ಟಿಸಿ, ಸುತ್ತಲ ಹೊಲದ ನರಿಗಳೆಲ್ಲ ಉತ್ತರ ಕೊಡತೊಡಗಿದ್ದರಿಂದ ಆಚೆಗೆ ದಬ್ಬಿಸಿಕೊಂಡವನು ನಾನು. ಎಲ್ಲರ ದನಿಯೂ ನನ್ನ ಗಂಟಲಿನಲ್ಲಿದೆ. ನನ್ನದು ಯಾವುದು ಎಂದು ಕೇಳಬೇಡಿ, ಹುಡುಕಿ ಹೇಳಬೇಕಾಗುತ್ತದೆ.

ಒಂದು ಸಂಜೆ ನಮ್ಮ ಜಗಲಿಯ ಮೇಲೆ ಮಾವನ ಬೋರ್ಡಿನ ಭಾಷಣ ಸಾಗಿತ್ತು, ನನ್ನ ಬಾಯಿಂದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ಹಿಂದೆ ಟಿಣ್ ಎಂದಿತು. ಬೆನ್ನಿಗೆ ಬೀಳುವ ಏಟಿಗೆ ನಾನು ಜಾಗ ಮಾಡಿಕೊಡುತ್ತಿರುವಾಗ ಮಾವ ಹೇಳಿದ:

"ಅಂಗಲ್ಲ ಕಣ್ಲಾ. ಆ ಜಾಗ್ದಲ್ಲಿ ಮೇಜು ಗುದ್ಬೇಕು!"

ಗುದ್ದಿಯೂ ತೋರಿಸಿದ. ಮೇಜಿಲ್ಲದ್ದರಿಂದ ನನ್ನ ಬೆನ್ನಿಗೇ ಗುದ್ದಿದ. ಆಮೇಲೆ ಕೇಳಿದ: "ಕೊನೇದು ಯಾಕ್ಲಾ ಬುಟ್ಬುಟ್ಟೆ?"

ಆ ಭಾಷಣದ ಕೊನೆಯಲ್ಲಿ ಒಂದು ತುಂಡು ಇತ್ತು. ಅದಕ್ಕೆ ಯಾರೂ ನಗುತ್ತಿರಲಿಲ್ಲ. ಹಾಗಾಗಿ ನಾನು ಕತ್ತರಿಸಿಬಿಟ್ಟಿದ್ದೆ.

ಹೀಗಿರುವಾಗ ಬೋರ್ಡಿನಲ್ಲಿ ಮಾತು ಎದ್ದಿತು. ಪೇಟೆಯಲ್ಲಿ ದೊಡ್ಡ ಆಸ್ಪತ್ರೆ ಇರುವಾಗ ಆ ಹಳ್ಳಿಗೊಂದು ಯಾಕೆ? ಬರುವ ವರ್ಷದಿಂದ ಮುಚ್ಚೋಣ. ಹೊಸಹೊಳಲು ಕಡೆಯ ಮೆಂಬರುಗಳಿಗೆ ಪೇಟೆ ಕೂಗಳತೆ, ಅವರಿಗೆ ಅದು ಸರಿಯಾಗಿಯೇ ಕಂಡಿತು. ನಮಗೋ, ಗಾಡಿ ಕಟ್ಟಿದರೆ ಅರ್ಧ ದಿನದ ದಾರಿ. ತೀರ್ಮಾನಕ್ಕೆ ಮುಂಚೆ ಅಧ್ಯಕ್ಷರೇ ಆಸ್ಪತ್ರೆ ನೋಡಲು ಬಂದರು. ಬಂದದ್ದು ಯಾವಾಗ? ಸುಗ್ಗಿಯ ನಡುವೆ! ಊರೆಲ್ಲ ಕಣದಲ್ಲಿದೆ. ರಾಗಿ ಬಡಿಯುವಾಗ ಕಾಯಿಲೆ ಬೀಳಲು ಯಾರಿಗೆ ಪುರುಸೊತ್ತು? ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರೇ ನೊಣ ಹೊಡೆಯುತ್ತಿದ್ದರು.

ಮಾವ ನನ್ನ ರಟ್ಟೆ ಹಿಡಿದ. "ಲೇ, ಊರೆಲ್ಲಾ ಅಣಕುಸ್ತೀಯಲ್ಲ, ಇವತ್ತು ಒಂದು ಕೆಮ್ಮು ಕೆಮ್ಮಲಾ!"

ಕೆಮ್ಮಿದೆ. ಎಂಥ ಕೆಮ್ಮು ಅಂತೀರಿ! ಅಡಿಗಾಲಿನಿಂದ ಎತ್ತಿ, ಎದೆಯಲ್ಲಿ ಉರುಳಿಸಿ, ಕಣ್ಣಿನಲ್ಲಿ ನೀರಾಗಿ ಬಿಟ್ಟೆ. ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಪ್ರತಿಭೆಗೆ ನಾನೇ ಮರುಳಾಗಿ ನಡುವೆ ಒಂದಿಷ್ಟು ಚಳಿಯ ನಡುಕವನ್ನೂ ಸೇರಿಸಿದೆ. ಅಲ್ಲೇ ಕೆಟ್ಟಿತು. ನಡುಕ ಕಂಡ ಡಾಕ್ಟರು ಒಂದು ಲೋಟ ಕ್ವಿನೈನು ಬೆರೆಸಿ ತಂದು, ಅಧ್ಯಕ್ಷರ ಎದುರಿಗೇ ಬಾಯಿಗೆ ಹಿಡಿದರು. ಅಲ್ಲಿ ದಾಸವಾಳದ ಗಿಡ ಎಲ್ಲಿಂದ ತರಲಿ? ಕುಡಿದೆ. ಎರಡು ದಿನ ಅತ್ತೆಯ ಪಾಯಸವೂ ಕಹಿಯಾಗಿತ್ತು.

"ಈ ಹುಡುಗನಿಗೆ ಕಾಯಿಲೆ ಇಲ್ಲ, ಕಲೆ ಇದೆ," ಎಂದು ಅಧ್ಯಕ್ಷರು ನಕ್ಕು ಮೋಟಾರು ಹತ್ತಿದರು.

ಮಾವ ಮಾತ್ರ ನಗಲಿಲ್ಲ. ಮಾರನೆಯ ದಿನವೇ ಹೊರಟ. ಒಬ್ಬೊಬ್ಬ ಮೆಂಬರನ ಊರಿಗೂ ಹೋಗಿ, ಅರಳಿಕಟ್ಟೆಯ ಮೇಲೆ ನಿಂತು ಕೂಗಿದ. ಬಿಸಿಲು, ಕಣದ ಧೂಳು, ಅದರ ಮೇಲೆ ಆ ಗಂಟಲು. ಮೊದಲು ದನಿ ಒಡೆಯಿತು, ಆಮೇಲೆ ಬಿರಿಯಿತು.

"ಯಜಮಾನರೇ, ಒಂದು ತಿಂಗಳು ಮಾತು ನಿಲ್ಲಿಸಿ. ಈ ಔಷಧಿ ಕುಡಿಯಿರಿ," ಎಂದರು ಡಾಕ್ಟರು.

"ಮೀಟಿಂಗು ಮುಗೀಲಿ ಡಾಕ್ಟ್ರೇ, ಆಮೇಕೆ ವರ್ಸಪೂರ್ತಿ ಸುಮ್ಕಿರ್ತೀನಿ," ಎಂದ ಮಾವ. ಔಷಧಿ ದಾಸವಾಳಕ್ಕೆ ಹೋಯಿತು.

ಮೀಟಿಂಗಿನ ದಿನ ಅಧ್ಯಕ್ಷರು, "ಏನಯ್ಯಾ, ಹೇಳು," ಎಂದರು. ಮಾವ ಎದ್ದ. ಕೋಟು ಸರಿಮಾಡಿಕೊಂಡ. ಬಾಯಿ ತೆರೆದ. ಗಾಳಿ ಬಂತು. ಇನ್ನೊಮ್ಮೆ ತೆರೆದ. ಗಾಳಿಯೇ ಬಂತು. ಪೇಟೆ ಕಡೆಯ ಮೆಂಬರೊಬ್ಬರು ಕಿಸಕ್ಕೆಂದರು. ಮಾವ ಜೇಬಿನ ಸೀಸೆಯನ್ನು ಎತ್ತಿ ಅಲ್ಲಾಡಿಸಿದ. ಟಿಣ್ ಎಂದಿತೇ ಹೊರತು ಸೀಸೆ ಭಾಷಣ ಮಾಡುತ್ತದೆಯೇ?

ಆಗ ಅವನು ಗೋಡೆಗೆ ಒರಗಿದ್ದ ನನ್ನ ಕಡೆ ತಿರುಗಿದ. ತನ್ನ ಗಂಟಲು ತೋರಿಸಿದ, ನನ್ನನ್ನು ತೋರಿಸಿದ.

"ಅವನು ಮೆಂಬರಲ್ಲವಲ್ಲ!" ಎಂದರು ಅಧ್ಯಕ್ಷರು.

"ಬಾಯಿ ಅವನ್ದು ಸ್ವಾಮಿ, ದನಿ ನಂದು!" ಎಂದು ಮಾವನ ದನಿ ಕೇಳಿಸಿತು. ಎಲ್ಲರೂ ಬೆಚ್ಚಿ ಮಾವನನ್ನು ನೋಡಿದರು. ಹೇಳಿದವನು ನಾನು. ನಗೆಯೋ ನಗೆ! ನಗು ನಿಲ್ಲುವ ಮೊದಲೇ ನಾನು ಶುರು ಮಾಡಿಬಿಟ್ಟಿದ್ದೆ. ಎಷ್ಟು ಜಗಲಿಗಳ ಮೇಲೆ ಒಪ್ಪಿಸಿದ್ದೆನೋ, ಒಂದು ಅಕ್ಷರ ತಪ್ಪಲಿಲ್ಲ. ದೀಪ ಆಯಿತು, ಕೋಡಿ ಆಯಿತು, ದನದ ದೊಡ್ಡಿಯೂ ಆಯಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಕೈಮುಗಿದು ನಿಲ್ಲಿಸೋಣವೆಂದು ಮಾವನನ್ನು ನೋಡಿದೆ. ಅವನು ಕೂರಲಿಲ್ಲ. ತಲೆ ಅಲ್ಲಾಡಿಸಿದ. ಇನ್ನೂ ಇದೆ ಎಂದು ಸನ್ನೆ ಮಾಡಿದ.

ನಾನು ಕತ್ತರಿಸಿಟ್ಟಿದ್ದ ತುಂಡು.

"ನಮ್ಮೂರ್ಗೆ ಆಸ್ಪತ್ರೆ ಇಲ್ದಿದ್ದಾಗ ನನ್ ತಂಗೀಗೆ ಎರಿಗೆ ನೋವು ಬಂತು ಸ್ವಾಮಿ. ಗಾಡಿ ಕಟ್ದೆ. ಎತ್ತು ಒಳ್ಳೇವೇಯ, ದಾರೀನೂ ಒಳ್ಳೇದೇಯ. ಪೇಟೆ ಕೆರೆ ಏರಿಗೆ ಬರಾ ಒತ್ಗೆ ಗಾಡಿ ಒಳ್ಗಿಂದ ಮಗ ಅಳಾದು ಕೇಳುಸ್ತು. ನನ್ ತಂಗಿ ದನಿ ಕೇಳುಸ್ನಿಲ್ಲ. ಕೂಗ್ದೆ. ಕೇಳುಸ್ನಿಲ್ಲ. ಮಗ ಉಳ್ಕತು ಸ್ವಾಮಿ."

ಇಲ್ಲಿ ಮಾವ ಯಾವಾಗಲೂ ನನ್ನ ಕಡೆ ಬೆರಳು ತೋರಿಸುತ್ತಿದ್ದ. ನಾನು ಯಾರ ಕಡೆ ತೋರಿಸಲಿ? ನನ್ನ ಎದೆಗೇ ತೋರಿಸಿಕೊಂಡೆ.

"ಅದ್ರ ಬಾಯಿ ನೋಡಿ ಈಗ!"

ಯಾರೂ ನಗಲಿಲ್ಲ. ಈ ತುಂಡಿಗೆ ನಗು ಬರುವುದಿಲ್ಲವೆಂದು ನಾನು ಹೇಳಿರಲಿಲ್ಲವೇ? ಆಸ್ಪತ್ರೆ ಉಳಿಯಲಿ ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಮೇಲೆ ಹೋದದ್ದು ಆ ಕಿಸಕ್ಕೆಂದ ಮೆಂಬರ ಕೈ. ಆಸ್ಪತ್ರೆ ಉಳಿಯಿತು. ಹೆರಿಗೆಗೆಂದು ಒಬ್ಬ ನರ್ಸಮ್ಮನನ್ನೂ ಕೊಡುವುದೆಂದು ಅಧ್ಯಕ್ಷರೇ ಸೇರಿಸಿದರು. ಹೊರಡುವಾಗ ನನ್ನನ್ನು ಕರೆದು, "ಕೆಮ್ಮು ಹೇಗಿದೆಯಪ್ಪಾ?" ಎಂದು ಕೇಳಿದರು.

ಅಂದು ಸಂಜೆ ಮಾವ ತನ್ನ ಸೀಸೆಯನ್ನು ತಾನೇ ಡಾಕ್ಟರ ಮುಂದೆ ಇಟ್ಟ. ಬಗ್ಗಿಸಿದ್ದನ್ನು ಅಲ್ಲೇ ನಿಂತು ಕುಡಿದ. ಆಗಿನ ಅವನ ಮುಖ ಈಗ ನನ್ನ ಜಗಲಿಯ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಡಿಕೆಯ ಐಟಂ. ದಾಸವಾಳ ಮಾತ್ರ ಔಷಧಿ ನಿಂತಿದ್ದರಿಂದಲೋ ಏನೋ ಸ್ವಲ್ಪ ಸೊರಗಿದೆ.

ಒಂದು ತಿಂಗಳು ಮನೆಯಲ್ಲಿ ಸದ್ದಿಲ್ಲ. ಅತ್ತೆ ಎರಡು ದಿನ ಸುಖವಾಗಿದ್ದಳು, ಮೂರನೆಯ ದಿನದಿಂದ ಪಾತ್ರೆಗಳನ್ನು ಬೇಕೆಂದೇ ಎತ್ತಿ ಕುಕ್ಕತೊಡಗಿದಳು. ಕೊನೆಗೊಂದು ಬೆಳಿಗ್ಗೆ ನಾನು ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದಾಗ ಹಿಂದಿನಿಂದ ಹರಕು ಗೋಣಿಯಂಥ ದನಿಯೊಂದು ಬಂತು.

"ಲೇ... ಅವತ್ತು ಮೇಜು ಗುದ್ದಾದ್ನೇ ಮರ್ತ್ಬುಟ್ಯಲ್ಲಾ!"

ತಿಂಗಳೆಲ್ಲ ಕೂಡಿಟ್ಟ ಮೊದಲ ಮಾತು ಇದು!

"ಮರೀಲಿಲ್ಲ ಮಾವ," ಎಂದೆ. "ಕೈ ಎದೆ ಮೇಲಿಂದ ಇಳೀಲೇ ಇಲ್ಲ."

ಮಾವ ತಲೆ ವಾರೆ ಮಾಡಿ ನನ್ನನ್ನೇ ನೋಡಿದ.

"ಇದ್ಯಾರ ದನೀಲಾ? ಗೊತ್ತಾಗ್ನಿಲ್ವಲ್ಲಾ?"

"ನಂದೇ, ಮಾವ."